ನನ್ನ ಖುಷಿ ಯಾವುದು, ಜಡ್ಡು ಯಾವುದು

ಸೊಸೆಯ ತವರಿನಲ್ಲಿ ಹುಟ್ಟಿದ ಮೊಮ್ಮಗಳು ಮೊದಲ ಸಲ ಮನೆಗೆ ಬಂದ ದಿನ, ಅಜ್ಜಿಯಾದೆನೆಂದು ಇಳಕಲ್ಲಿನ ನಮ್ಮ ಓಣಿಯಲ್ಲಿ ಕಂಡಕಂಡವರಿಗೆಲ್ಲ ಪೇಢೆ ಹಂಚಿದೆ. ಬೇರೆ ಯಾರಾದರೂ ಹಂಚಿದ್ದರೆ ಅದು ಸಂತೋಷ. ನಾನು ಹಂಚಿದ್ದಕ್ಕೆ ಮಗ ಒಳಗೆ ಹೋಗಿ ನನ್ನ ಗುಳಿಗೆ ಡಬ್ಬಿ ತೆಗೆದು ನೋಡಿದ.

ತಪ್ಪು ಅವನದಲ್ಲ. ನನ್ನ ಮನಸ್ಸಿನ ಕಾಯಿಲೆ ಬರುವುದೇ ನಗುನಗುತ್ತ. ನಿದ್ದೆ ಬಿಟ್ಟು ಹಾಡುತ್ತೇನೆ. ಮಗ್ಗದ ಮೇಲಿನ ಸೀರೆ ಮುಗಿಯುವ ಮೊದಲೇ ಅದನ್ನು ಯಾರಿಗೋ ಉಡುಗೊರೆ ಎಂದು ಸಾರಿಬಿಡುತ್ತೇನೆ. ಗುಳಿಗೆ ನುಂಗುತ್ತ ಈಗ ವರ್ಷಗಳಿಂದ ನೆಟ್ಟಗಿದ್ದೇನೆ, ಆದರೂ ನನ್ನ ಹಲ್ಲು ಕಂಡರೆ ಮನೆಯವರ ಎದೆ ಢವಢವ. ಸೊಸೆ ಶಾಲೆಯ ಟೀಚರು. ಬಾಣಂತಿ ರಜೆ ಮುಗಿಯುತ್ತ ಬಂದಿತ್ತು. ಹಗಲು ಕೂಸನ್ನು ನನ್ನ ಹತ್ತಿರ ಬಿಡಬೇಕೋ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಅವಳ ತವರಿಗೆ ಕಳಿಸಬೇಕೋ ಎಂಬ ಮಾತು ಅಡುಗೆಮನೆಯಲ್ಲಿ ನಡೆಯುತ್ತಿತ್ತು. ನಾನು ಕಾಲಿಟ್ಟರೆ ನಿಲ್ಲುತ್ತಿತ್ತು.

ಅದೇ ವಾರ ಹುನಗುಂದದ ಒಂದು ದವಾಖಾನೆಯಲ್ಲಿ ಕಾರ್ಯಾಗಾರ. ನನ್ನಂತೆ ಗುಳಿಗೆ ನುಂಗುವವರು, ಅವರ ಮನೆಯವರು ಕೂಡಿ, ಕಾಯಿಲೆ ಮತ್ತೆ ಬಂದರೆ ಯಾರು ಏನು ಮಾಡಬೇಕೆಂದು ಆರಾಮ ಇರುವಾಗಲೇ ಗೊತ್ತುಮಾಡಿಕೊಳ್ಳುವುದು. ಡಾಕ್ಟರು ಹೇಳಿದರೆ ಎಲ್ಲರೂ ಆಕಳಿಸುತ್ತಾರೆಂದು, ನಡೆಸುವ ಕೆಲಸ ನನಗೆ ಕೊಟ್ಟಿದ್ದರು. ನಾನು ಕಲಿತದ್ದು ಮೂರನೆಯ ಇಯತ್ತೆ. ಹಲಗೆಯ ಮೇಲೆ ಬರೆಯಲು ನರ್ಸ್ ಇದ್ದಳು. ಸೊಸೆ ಕೂಸನ್ನೆತ್ತಿಕೊಂಡು ಬಂದು ಹಿಂದೆ ಕೂತಳು.

“ಜಡ್ಡು ಬರೂದು ನಿಮಗ ಮೊದಲ ಹೆಂಗ ಗೊತ್ತಾಗ್ತೈತ್ರಿ?” ಎಂದು ಕೇಳಿದೆ.

ರಾಮಥಾಳದವನೊಬ್ಬ ಎದ್ದ. “ನಾ ಕೆನಾಲ್ ದಂಡಿಗೆ ನಿಂತು ನೀರಿಗೆ ಹುಕುಂ ಕೊಡಾಕ ಹತ್ತತೇನ್ರಿ.”

“ನೀರು ಕೇಳತೈತೇನು?”

“ಹೆಂಡ್ತಿನ ಕೇಳೂದಿಲ್ಲ, ನೀರು ಕೇಳತೈತ್ರಿ?”

“ಹಂಗಾರ ನಿನ್ನ ಮನಿಗೆ ಕರಕೊಂಡು ಬರಾಕ ಯಾರು ಬರಬೇಕು?”

“ಅಕೀನ ಬರಬೇಕ್ರಿ. ಮಾವ ಮಾತ್ರ ಬ್ಯಾಡ.”

ನರ್ಸ್ ಹಾಗೆಯೇ ಬರೆದಳು. ಮಾವ ಪಕ್ಕದಲ್ಲೇ ಕೂತಿದ್ದ. ಬೀಡಿ ಸೇದಲು ಎದ್ದು ಹೋದ.

“ಬರೇ ನಮ್ಮದ ಕೆದರ್ತಿ. ನಿಂದೂ ಹೇಳಬೇ ಯಕ್ಕಾ,” ಎಂದ ರಾಮಥಾಳದವನು.

“ನಂದು ನಗೂದು, ಭಾಳ ಮಾತಾಡೂದು.”

“ಅಂದ್ರ ಈಗ ಬಂದ ಬಿಟ್ಟೈತಲ್ಲ!”

ಕೋಣೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ, ಸೊಸೆ ನೋಡುತ್ತಿದ್ದಾಳೆಂದು ಅರ್ಧಕ್ಕೆ ನುಂಗಿಕೊಂಡೆ. ಅವನು ಅವಳ ಕಡೆಗೇ ತಿರುಗಿದ. “ನೀವ ಹೇಳ್ರಿ ತಂಗಿ, ನಿಮ್ಮತ್ತಿ ಖುಷಿ ಯಾವುದು, ಜಡ್ಡು ಯಾವುದು?”

ಸೊಸೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡಳು. “ಜಡ್ಡಿನ್ಯಾಗ ಅತ್ತಿ ಯಾರ ಮಾತೂ ಕೇಳೂದಿಲ್ರಿ. ಉಣ್ಣಾಕ ಕರದ್ರ ನನ್ನ ದಾಟಿ ಹೋಗ್ತಾರ. ಮೊನ್ನೆ ಪೇಢೆ ಹಂಚೂವಾಗ ‘ಸಾಕ್ರಿ’ ಅಂದೆ. ಬೈಕೋಂತ ಬಂದು, ರೊಟ್ಟಿ ಉಂಡು, ಗೊರಕಿ ಹೊಡದ್ರು.”

ನನ್ನ ಗೊರಕೆಯ ಬಗ್ಗೆ ಅಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ.

“ಬರಿಯವಾ,” ಎಂದೆ ನರ್ಸಿಗೆ. “ನಾ ನಕ್ಕರ ಬಿಡ್ರಿ. ನಿದ್ದಿ ಬಿಟ್ಟು, ಸೊಸಿ ಕರದರೂ ಉಣ್ಣಾಕ ಬರ್ಲಿಲ್ಲಂದ್ರ ಇಲ್ಲಿಗೆ ಕರಕೊಂಡು ಬರ್ರಿ. ಆರಾಮ ಆಗೂತನಕ…” ಕೂಸಿನ ಕಡೆ ನೋಡಿದೆ. “ಕೂಸು ಬಾಗಲಕೋಟಿ ಅಜ್ಜಿ ಮನಿಗೆ ಹೋಗ್ಲಿ.”

ಸೊಸೆ ಎದ್ದು ಬಂದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. “ಉಳದ ದಿನ ನಿಮ್ಮ ಕಡೆನ. ಮಧ್ಯಾಹ್ನ ಫೋನ್ ಮಾಡ್ತೇನಿ, ಎತ್ತಬೇಕು ಮತ್ತ.”

“ಬೈತೇನಿ, ಆದ್ರ ಎತ್ತತೇನಿ.”

ಮುಂದಿನವರ ಸರದಿ ಬಂದಾಗ ನಾನು ಏಳಲಿಲ್ಲ. ಸೀರೆ ಒದ್ದೆಯಾಗಿತ್ತು, ಕೂಸು ನಿದ್ದೆ ಹೋಗಿತ್ತು. ಕೂತಲ್ಲಿಂದಲೇ, ಹುಟ್ಟಿದಾಗಿನಿಂದ ಎಂದೂ ಆಡದಷ್ಟು ಮೆಲ್ಲಗೆ, “ನಿಮ್ಮದು ಹೇಳ್ರಿ,” ಎಂದೆ.