ಬಾಯಿಯೊಳಗಿನ ತುಳು

ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ನೇಮಕಾತಿ ಪರೀಕ್ಷೆಯಲ್ಲಿ ಹಿಂದಿನ ಸಲ ನಾನು ಸೋತದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಕೊನೆಯ ಗದ್ಯಭಾಗ ಓದಿ ಮುಗಿಸುವ ಮೊದಲೇ ಗಂಟೆ ಹೊಡೆಯಿತು. ಈ ಸಲದ್ದೇ ಕೊನೆಯ ಅವಕಾಶ. ಇದು ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತದೆ. ಕನ್ನಡ ಎಂ.ಎ. ಮಾಡಿದವಳಿಗೆ ಕನ್ನಡವನ್ನೇ ಬೇಗ ಓದಲು ಬರುವುದಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಕಾರಣ ಹೊಳೆದದ್ದು ಮೂಡುಬಿದಿರೆಯಲ್ಲಿ, ನಾನು ಕಲಿಸುವ ಖಾಸಗಿ ಶಾಲೆಯ ಸ್ಟಾಫ್ ರೂಮಿನಲ್ಲಿ. ಎದುರು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ಟೀಚರ್ ತಲೆ ಎತ್ತಿದರು.

"ಎಂತ ಟೀಚರೇ, ಜಪ ಮಾಡುವುದಾ? ತುಟಿ ಅಲ್ಲಾಡ್ತಾ ಉಂಟು."

"ಓದ್ತಾ ಇದ್ದೇನೆ."

"ಯಾವ ಭಾಷೆಯಲ್ಲಿ? ನನಗೆ 'ಪೋಯೆ' ಅಂತ ಕೇಳಿತು. ಪುಸ್ತಕದಲ್ಲಿ 'ಪೋಯೆ' ಎಲ್ಲಿ ಉಂಟು, ತೋರಿಸಿ ನೋಡುವ."

ಪುಸ್ತಕದಲ್ಲಿ ಇದ್ದದ್ದು 'ಹೋದನು'. ನಾನು ಅದನ್ನು ನನ್ನ ಮನೆಮಾತು ತುಳುವಿಗೆ ತಿರುಗಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಪ್ರತಿ ವಾಕ್ಯವನ್ನೂ. ಕ್ರಿಯಾಪದ ಬರುವುದು ವಾಕ್ಯದ ತುದಿಯಲ್ಲಿ. ಅಲ್ಲಿ ಒಂದು 'ಇಲ್ಲ' ಕಂಡರಂತೂ ಕಟ್ಟಿದ ತುಳುವೆಲ್ಲ ಬಿದ್ದು, ಕಣ್ಣು ಮತ್ತೆ ವಾಕ್ಯದ ತಲೆಗೆ ಹೋಗುತ್ತಿತ್ತು.

ಈ ಅಭ್ಯಾಸದ ಮೂಲ ನನಗೆ ಸ್ಪಷ್ಟ ಎಂದುಕೊಂಡೆ. ನಾನು ಚಿಕ್ಕವಳಿದ್ದಾಗ ವಾಮದಪದವಿನ ನಮ್ಮ ಮನೆಯಲ್ಲಿ ಅಕ್ಷರ ಬಾರದ ಅಜ್ಜಿಗೆ ನಾನು ಪೇಪರನ್ನು ತುಳುವಿನಲ್ಲಿ ಓದಿ ಹೇಳುತ್ತಿದ್ದೆ. ಅವರು "ದಾದ?", ಏನು, ಎಂದು ಕೇಳಿದ ಕೂಡಲೇ ಮೊದಲಿನಿಂದ ಶುರು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನಕ್ಕು, ತುಳುವಿನಲ್ಲೇ ತಳ್ಳಿಹಾಕಿದರು: ಓದುತ್ತಿದ್ದದ್ದು ಅಕ್ಕ, ನೀನು ಪಕ್ಕದಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆ ಅಷ್ಟೆ.

ಅಮ್ಮನ ನೆನಪೂ ನಂಬಲರ್ಹವೇನಲ್ಲ. ಆದರೂ ಮೊಣಕಾಲ ಮೇಲೆ ಹರಡಿದ ಪೇಪರಿನ ಚಿತ್ರ ನನಗೇ ಅನುಮಾನವಾಯಿತು. ಅದು ನನ್ನ ಮೊಣಕಾಲೋ, ಅಕ್ಕನದೋ? ಒಂದು ದಿನ ಇದರಲ್ಲೇ ಕಳೆಯಿತು. ಆಮೇಲೆ ಬಿಟ್ಟೆ. ಮೂಲ ಯಾರದ್ದೇ ಆಗಲಿ, ತುಟಿ ನನ್ನದು.

ಈಗ ನಾನಿರುವ ಬೆಳ್ತಂಗಡಿಯಿಂದ ಶಾಲೆಗೆ ಹೋಗುವ ಬಸ್ಸಿನಲ್ಲಿ ಅಭ್ಯಾಸ ಶುರುಮಾಡಿದೆ. ಹಲ್ಲಿನ ನಡುವೆ ಒಂದು ಲವಂಗ ಕಚ್ಚಿ ಹಿಡಿಯುತ್ತಿದ್ದೆ. ತುಟಿ ಅಲ್ಲಾಡಿದರೆ ಜಾರುತ್ತದೆ. ಹಳೆಯ ಮದುವೆ ಕಾಗದದ ತುಂಡೊಂದನ್ನು ಓದಿದ ಸಾಲಿನ ಮೇಲೆ ಇಟ್ಟು ಕೆಳಕ್ಕೆ ಸರಿಸುತ್ತಾ ಹೋಗುತ್ತಿದ್ದೆ, ಹಿಂದಕ್ಕೆ ದಾರಿ ಇರಬಾರದೆಂದು. ಮೊದಮೊದಲು ಏನೂ ತಲೆಗೆ ಹತ್ತಲಿಲ್ಲ. ಪುಟ ಮುಗಿಯುತ್ತಿತ್ತು, ನನ್ನ ಹತ್ತಿರ ಉಳಿಯುತ್ತಿದ್ದದ್ದು ಲವಂಗದ ಖಾರ ಮಾತ್ರ. ವೇಣೂರಿನ ತಿರುವಿನಲ್ಲಿ ಎಷ್ಟೋ ಸಲ ಕಾಗದ ಎತ್ತಿ ಮೇಲೆ ನೋಡಿದ್ದೇನೆ, ಮತ್ತೆ ಒತ್ತಿ ಇಟ್ಟಿದ್ದೇನೆ. ಯಾವ ದಿನ ವಾಕ್ಯಗಳು ಕನ್ನಡದಲ್ಲೇ ನಿಲ್ಲತೊಡಗಿದವೋ ಹೇಳಲಾರೆ. ಅಂಥ ದಿನವೊಂದು ಇತ್ತು ಎಂದರೆ ಈಗ ಕಥೆ ಕಟ್ಟಿದ್ದಾಗುತ್ತದೆ.

ಪರೀಕ್ಷೆ ಬಂಟ್ವಾಳದಲ್ಲಿತ್ತು. ಎರಡನೇ ಗದ್ಯಭಾಗದಲ್ಲೇ ಒಂದು ಉದ್ದದ ವಾಕ್ಯ ಅರ್ಧದಲ್ಲೇ ಕೈಬಿಟ್ಟಿತು. ನನ್ನೊಳಗೆ ತುಳು ಎದ್ದು ಕೂತದ್ದು ಗೊತ್ತಾಯಿತು. ಪೆನ್ನಿನ ತುದಿಯನ್ನು ಮುಂದಿನ ಸಾಲಿಗೆ ತಂದೆ. ಅರ್ಥ ಮೂರ್ನಾಲ್ಕು ಸಾಲು ಕೆಳಗೆ ತಾನಾಗಿ ಸಿಕ್ಕಿತು.

ಕೊನೆಯ ಪ್ರಶ್ನೆಯ ಉತ್ತರ ತುಂಬಿದಾಗ ಮೇಲ್ವಿಚಾರಕರು ಇನ್ನೂ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು. ಸಮಯ ಉಳಿದಿತ್ತು. ಎಲ್ಲವನ್ನೂ ಮೊದಲಿನಿಂದ ಓದಬೇಕೆಂದು ಕೈ ತುರಿಸಿತು. 'ಯಾವುದು ಸರಿಯಲ್ಲ' ಎಂದು ಕೇಳಿದ್ದ ಪ್ರಶ್ನೆಗಳನ್ನು ಮಾತ್ರ ಹುಡುಕಿ ನೋಡಿದೆ. ಒಂದರಲ್ಲಿ ಆ 'ಅಲ್ಲ'ವನ್ನು ನುಂಗಿ ಓಡಿದ್ದೆ. ಆದರೆ ಒಎಂಆರ್ ಹಾಳೆಯಲ್ಲಿ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ.

ಆ ಒಂದು ಹೋಯಿತು. ಪ್ರಶ್ನೆಪತ್ರಿಕೆ ಮಡಚಿ, ಗಂಟೆ ಹೊಡೆಯುವವರೆಗೆ ಕೈಕಟ್ಟಿ ಕೂತೆ.