ನನ್ನ ಬೈಗುಳಕ್ಕೆ ಅರ್ಥ ಬರೆದವನು

ನನ್ನನ್ನು ಕೇಳದೆ ನನ್ನ ಮಾತಿಗೆ ಕೈ ಹಾಕಿದವನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ. ಆತನ ಅಡ್ಡಹೆಸರು ವಿನಂತಿ.

ನಮ್ಮ ನೀರಿನ ಪಂಪ್‌ಹೌಸಿನಲ್ಲಿ ನಾನು ಬೆಳಗಿನ ಪಾಳಿ, ಆತ ಮಧ್ಯಾಹ್ನದ ಪಾಳಿ. ಏನು ಬರೆದರೂ 'ಎಂದು ವಿನಂತಿ' ಅಂತ ಮುಗಿಸುತ್ತಿದ್ದ, ಅದೇ ಹೆಸರಾಯಿತು. ಸಣಕಲು ಆಸಾಮಿ. ಕನ್ನಡಕದ ಮುರಿದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬನೇ ಸಾಕಿ ನರ್ಸ್ ಮಾಡಿದ. ಗ್ರೀಸ್ ಹತ್ತಿದ ಕೈಯನ್ನು ಉಗುರಿನ ಸಂದಿ ಬಿಡದೆ ತೊಳೆದೇ ಪೆನ್ನು ಹಿಡಿಯುತ್ತಿದ್ದ. ವಾಲ್ವು ಜಾಮ್ ಆದರೆ ಅದಕ್ಕೂ 'ಸ್ವಲ್ಪ ತಿರುಗಪ್ಪ' ಅನ್ನುವವನು.

ಪಾಳಿ ಬದಲಾಗುವಾಗ ಪಂಪುಗಳು ಹೇಗಿವೆ ಅಂತ ಪುಸ್ತಕದಲ್ಲಿ ಬರೆದಿಡಬೇಕು, ಅದನ್ನು ನೋಡಿ ಸ್ಟೋರಿನವರು ಬಿಡಿಭಾಗ ಕೊಡಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬಾಯಿಗೆ ಬಂದದ್ದೇ ಕೈಗೂ ಬರುತ್ತದೆ. ಒಮ್ಮೆ 'ಎರಡನೇ ಪಂಪು ಹಂದಿ ಹಾಗೆ ಕಿರುಚುತ್ತಿದೆ, ಸ್ಟೋರಿನ ದಂಡಪಿಂಡಗಳು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿವೆಯಾ?' ಅಂತ ಬರೆದೆ. ಮರುದಿನ ನೋಡಿದರೆ ಅದರ ಕೆಳಗೆ ಮುತ್ತು ಪೋಣಿಸಿದಂಥ ಅಕ್ಷರ: 'ಅಂದರೆ, ಎರಡನೇ ಪಂಪಿನ ಬೇರಿಂಗ್ ಸವೆದಿದೆ. ಸ್ಟೋರಿನವರು ದಯವಿಟ್ಟು ಹೊಸದು ಕೊಡಬೇಕು ಎಂದು ವಿನಂತಿ.'

ಮೈಯೆಲ್ಲ ಉರಿಯಿತು. ನಾನೇನು ಮೂಗನಾ, ನನ್ನ ಮಾತಿಗೆ ಇವನು ಅರ್ಥ ಹೇಳೋಕೆ? ಹಟಕ್ಕೆ ಬಿದ್ದು ಇನ್ನೂ ಖಾರವಾಗಿ ಬರೆದೆ. ಆತ ಇನ್ನೂ ಮೆತ್ತಗೆ ಅರ್ಥ ಬರೆದ. ಆರು ತಿಂಗಳು ಇದೇ ನಡೆಯಿತು, ಬೇರಿಂಗ್ ಮಾತ್ರ ಬರಲಿಲ್ಲ. ಎದುರಿಗೆ ಸಿಕ್ಕರೆ ನಾನು ಮುಖ ತಿರುಗಿಸಿ ಹೊರಟುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಪಾಳಿಯಲ್ಲೇ ಆ ಪಂಪಿನ ಮೋಟರು ಸುಟ್ಟುಹೋಯಿತು. ಅರ್ಧ ಊರಿಗೆ ಎರಡು ದಿನ ನೀರಿಲ್ಲ. ನಾನು ಮೊದಲೇ ತಿಳಿಸಲಿಲ್ಲ ಅಂತ ಸ್ಟೋರಿನವನು ಜಾರಿಕೊಂಡ. ನನ್ನ ಕೆಲಸ ಹೋಗುವ ಮಾತು ಬಂತು. ದೊಡ್ಡ ಸಾಹೇಬರು ಪುಸ್ತಕ ತರಿಸಿದರು. ನನ್ನ ಸಾಲುಗಳನ್ನು ಓದುತ್ತ ಅವರ ಮುಖ ಕೆಂಪಾಯಿತು, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಮೇಲೆ ಬೆರಳು ಕೆಳಗಿನ ಸಾಲುಗಳಿಗೆ ಇಳಿಯಿತು. ಬೇರಿಂಗ್ ಬೇಕು, ಬೇರಿಂಗ್ ಬೇಕು, ಹದಿನೇಳು ಸಲ, ತಾರೀಕಿನ ಸಮೇತ. "ಇವನು ಹೇಳಿದಾನಲ್ಲರೀ" ಅಂತ ನನ್ನತ್ತ ಬೆರಳು ಮಾಡಿ ಸ್ಟೋರಿನವನ ಕಡೆ ತಿರುಗಿದರು. ನನಗೆ ನಾಲಿಗೆ ಬಿಗಿಹಿಡಿ ಅಂತ ಎಚ್ಚರಿಕೆ ಕೊಟ್ಟು ಬಿಟ್ಟರು.

ಹೊರಗೆ ವಿನಂತಿ ನಿಂತಿದ್ದ. ದೊಡ್ಡ ಉಪಕಾರ ಆಯಿತು ಅನ್ನಬೇಕಿತ್ತು. ಬಾಯಿಂದ ಬಿದ್ದದ್ದು ಬೇರೆ: "ಅರ್ಥ ಬರೀರಿ ಅಂತ ನಿಮ್ಮನ್ನ ಯಾರ್ರೀ ಕೇಳಿದ್ರು?"

"ನೀವು ಹೇಳ್ತಿದ್ದದ್ದು ನಿಜ ಇತ್ತು. ಆ ಬೈಗುಳದ ಒಳಗೆ ಅದು ಯಾರಿಗೂ ಕಾಣ್ತಿರಲಿಲ್ಲ" ಅಂದ, ಅಷ್ಟೇ.

ಮನೆಯಲ್ಲಿ ಹೆಂಡತಿ ಬಿಡಲಿಲ್ಲ. "ಒಂದು ಒಳ್ಳೆ ಮಾತಾಡಿದ್ರೆ ನಿಮ್ಮ ಹಲ್ಲು ಉದುರಿಹೋಗ್ತವಾ?" ಅಂದಳು. ಎದುರಿಗೆ ಹೇಳಲಾಗದೆ ಒಂದು ವಾರ ತಳ್ಳಿ, ಕೊನೆಗೆ ಪುಸ್ತಕದಲ್ಲೇ ಬರೆದೆ: 'ನಿಮ್ಮಿಂದ ನನ್ನ ಅನ್ನ ಉಳಿಯಿತು. ನನ್ನದು ತಪ್ಪಾಯಿತು.' ಆವತ್ತೇ ಆತ ಬರಲಿಲ್ಲ. ನಿವೃತ್ತಿಗೆ ಉಳಿದಿದ್ದ ದಿನಗಳಿಗೆ ರಜೆ ಹಾಕಿ, ಮಗಳಿದ್ದ ಊರಿಗೆ ಹೊರಟುಹೋಗಿದ್ದನಂತೆ. ಆತನ ಜಾಗಕ್ಕೆ ಬಂದ ಹೊಸಬ ನನ್ನ ಸಾಲಿನ ಕೆಳಗೆ ಬರೆದಿದ್ದ: 'ಇದು ಯಾವ ಪಂಪಿನ ವಿಷಯ?'

ವಿಳಾಸ ಆಫೀಸಿನವರ ಹತ್ತಿರ ಇದ್ದೀತು. ಕೇಳೋಕೆ ಹೋದರೆ ಯಾಕೆ ಅಂತಾರೆ. ಆ ಎರಡು ಸಾಲು ಇನ್ನೂ ಸೇರಬೇಕಾದವನಿಗೆ ಸೇರಿಲ್ಲ.