ನಾನು ಸಹಿ ಹಾಕಿಕೊಟ್ಟ ಖಾಲಿ ಹಾಳೆ

ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡೇ ಆಪಾ ಮಾತಾಡುತ್ತಿದ್ದರು. ನಕ್ಕರೆ ಪಿನ್ನು ಗಂಟಲಿಗೆ ಇಳಿದುಬಿಟ್ಟೀತೆಂದು ನನಗೆ ಜೀವ ಹೋಗುತ್ತಿತ್ತು. ಅದು ಗೊತ್ತಿದ್ದೇ ನನ್ನ ಎದುರಿಗೆ ಇನ್ನೂ ಜೋರಾಗಿ ನಗುತ್ತಿದ್ದರು.

ಆಪಾ ಅಂದರೆ ಅವರ ಮನೆಮಾತಿನಲ್ಲಿ ಅಕ್ಕ. ನಮ್ಮ ಬೀದಿಯ ಕೊನೆಯಲ್ಲಿ ಅವರ ಹೊಲಿಗೆ ಅಂಗಡಿ ಇತ್ತು. ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮೂರು ತಿಂಗಳು ಹೊಸ್ತಿಲು ದಾಟಿರಲಿಲ್ಲ. ಒಂದು ದಿನ ಅವರೇ ಬಂದು, "ಏಳೇ, ಗುಂಡಿ ಕಾಜಾ ಹಾಕೋಕೆ ಒಂದು ಕೈ ಬೇಕು ನನಗೆ. ಅಳೋದಾದ್ರೆ ಅಲ್ಲೇ ಕೂತು ಅಳು," ಎಂದು ಎಬ್ಬಿಸಿಕೊಂಡು ಹೋದರು. ಅಲ್ಲಿ ನನ್ನಂಥ ಇನ್ನೂ ಐದು ಜನ ಹೆಂಗಸರಿದ್ದರು.

ಊರು ಗುಡಿಸುವ ಪೌರಕಾರ್ಮಿಕರಿಗೆ ಕೋಟು ಹೊಲಿಸಲು ನಾವಿದ್ದ ಪೇಟೆಯ ನಗರಸಭೆ ವರ್ಷವರ್ಷವೂ ಕೊಟೇಶನ್ ಕರೆಯುತ್ತಿತ್ತು. ಕೆಲಸ ಮಾತ್ರ ಪ್ರತಿ ಸಲ ಒಬ್ಬನೇ ಕಂಟ್ರಾಕ್ಟರಿಗೆ ಹೋಗುತ್ತಿತ್ತು. ಮೂರು ಕೊಟೇಶನ್ ಇರಬೇಕೆಂಬ ನಿಯಮಕ್ಕೆ ಮೂರನ್ನೂ ಅವನೇ ತರುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ಆಪಾ ತಮ್ಮ ಅಂಗಡಿಯ ಹೆಸರಿನಲ್ಲಿ ಮೂರು ಸಲ ಹಾಕಿ ನೋಡಿದ್ದರು. ಒಂದು ಸಲ ಕವರೇ ಕಾಣೆಯಾಯಿತಂತೆ, ಇನ್ನೆರಡು ಸಲ ಏನೋ ಒಂದು ಕಾಗದ ಕಮ್ಮಿ ಇತ್ತಂತೆ.

"ಹೆಂಗಸು ಅನ್ನೋದು ಒಂದು, ಸಾಬರವಳು ಅನ್ನೋದು ಇನ್ನೊಂದು. ಎರಡೂ ಒಂದೇ ಕವರಲ್ಲಿ ಹಾಕಿದ್ರೆ ಭಾರ ಜಾಸ್ತಿ ಆಗುತ್ತೆ ಕಣೇ," ಎಂದು ನಕ್ಕರು. "ನಾವೆಲ್ಲಾ ಸೇರಿ ಸಂಘ ಮಾಡೋಣ. ಕಾಗದದ ಮೇಲೆ ನಿನ್ನ ಹೆಸರಿರಲಿ, ನೀನು ಅಧ್ಯಕ್ಷೆ."

ದೇವರಾಯಸಮುದ್ರದ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ಅಕ್ಷರ ದುಂಡಗಿದೆ ಅನ್ನುವುದು ಬಿಟ್ಟರೆ ಬೇರೆ ಯೋಗ್ಯತೆ ಇರಲಿಲ್ಲ. ಅಂದಿನಿಂದ ಆಪಾ, "ಏಮ್ಮಾ, ಪ್ರೆಸಿಡೆಂಟಮ್ಮಾ," ಎಂದು ತೆಲುಗಿನಲ್ಲಿ ರೇಗಿಸತೊಡಗಿದರು. ಕಾಗದದ ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. ಯಾವ ಪತ್ರವೇ ಆಗಲಿ, ಬರಹ ಮುಗಿದ ಕಡೆಯಿಂದ ಸಹಿಯವರೆಗೆ ಓರೆಯಾಗಿ ಒಂದು ಗೆರೆ ಎಳೆಸುತ್ತಿದ್ದರು. "ಬೆರಳಗಲ ಖಾಲಿ ಬಿಟ್ರೂ ಅಲ್ಲಿ ಯಾರಾದ್ರೂ ಬಂದು ಕೂತ್ಕೋತಾರೆ," ಅನ್ನುತ್ತಿದ್ದರು.

ಸಂಘದ ಹೆಸರಿನಲ್ಲಿ ಕವರು ಹಾಕಿದ ಮೂರನೆಯ ದಿನ, ಮಧ್ಯಾಹ್ನ, ಆ ಕಂಟ್ರಾಕ್ಟರು ನಮ್ಮ ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ನೀರು ಕೇಳಿ ಕುಡಿದ.

"ಮಗಳು ಏಳೂವರೆ ಬಸ್ಸಿಗೆ ಕೋಲಾರದ ಕಾಲೇಜಿಗೆ ಹೋಗ್ತಾಳಲ್ವಾ ಅಮ್ಮಾ? ದಿನಾ ಬಾಗಿಲ ಹತ್ರಾನೇ ನಿಂತ್ಕೋತಾಳೆ. ಹುಷಾರು ಅಂತ ಹೇಳಿ."

ಆ ಮಗಳು ನಿಮ್ಮ ಅಮ್ಮ.

ಆಮೇಲೆ ಅವನು ಸಂಘದ ಲೆಟರ್‌ಹೆಡ್ಡಿನ ಒಂದು ಹಾಳೆ ಕೇಳಿದ. ಸಹಿ, ಸೀಲು ಇದ್ದರೆ ಸಾಕು, ಏನೂ ಬರೆಯುವುದು ಬೇಡ, ಯಾರಿಗೂ ಹೇಳುವುದೂ ಬೇಡ ಅಂದ. ನಾನು ಕೊಟ್ಟುಬಿಟ್ಟೆ. ಕೈ ನಡುಗಿ ಸೀಲು ಎರಡೆರಡಾಗಿ ಮೂಡಿತು. ಗೆರೆ ಎಳೆಯಲಿಲ್ಲ.

ಮುಂದಿನ ಎಂಟು ದಿನ ನಾನು ಅನ್ನ ಉಂಡೆನೋ ಮಣ್ಣು ಉಂಡೆನೋ ಗೊತ್ತಿಲ್ಲ. ಸಂಜೆ ನಿಮ್ಮ ಅಮ್ಮ ಬಸ್ಸಿಳಿದು ಬೀದಿಯಲ್ಲಿ ಕಾಣುವವರೆಗೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಕಾಜಾಗಳೆಲ್ಲ ತಪ್ಪು ಜಾಗದಲ್ಲಿ ಬೀಳುತ್ತಿದ್ದವು. ಆಪಾ ಬೈಯದೆ ಬಿಚ್ಚಿ ಹಾಕುತ್ತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕವರು ಒಡೆಯುವ ದಿನ ಆಪಾ, ನಾನು ಇಬ್ಬರೂ ನಗರಸಭೆ ಕಚೇರಿಗೆ ಹೋದೆವು. ಕಂಟ್ರಾಕ್ಟರು ಕಿಟಕಿಯ ಪಕ್ಕ ಫೋನು ನೋಡುತ್ತಾ ನಿಂತಿದ್ದ. ಅಧಿಕಾರಿ ಫೈಲು ತಿರುವಿ, "ನಿಮ್ಮ ಸಂಘದವರು ವಾಪಸ್ ತಗೊಂಡಿದ್ದೀರಲ್ಲಮ್ಮಾ? ಈ ಕೆಲಸ ನಮ್ಮ ಕೈಲಾಗಲ್ಲ ಅಂತ ಪತ್ರ ಇದೆ," ಎಂದು ಹಾಳೆ ಮುಂದೆ ಚಾಚಿದರು.

ಆಪಾ ಅದನ್ನು ತೆಗೆದುಕೊಂಡು, ಎರಡಾಗಿ ಮೂಡಿದ ಸೀಲಿನ ಮೇಲೆ ಹೆಬ್ಬೆರಳು ಆಡಿಸಿದರು. ಕಳ್ಳಸಹಿ ಎಂದು ಅವರು ಅಂದಿದ್ದರೆ ನಾನೂ ಹೌದು ಅಂದುಬಿಡುತ್ತಿದ್ದೆನೇನೋ. ಅನ್ನಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಿನ್ನ ಹೆಸರು ಹೇಳಿ ಹೆದರಿಸಿದ್ರೋ, ಮಗು ಹೆಸರೋ?"

"ಮಗೂದು."

"ಹಂಗಾದ್ರೆ ಮಗೂನ ನಾನು ನೋಡ್ಕೋತೀನಿ. ಹಾಳೆ ನೀನು ನೋಡ್ಕೋ."

ನಾನು ಅಧಿಕಾರಿಯ ಕಡೆ ತಿರುಗಿದೆ. "ಸಹಿ ನಂದೇ ಸಾರ್. ಬರೆದಿರೋದು ನಾನಲ್ಲ. ಖಾಲಿ ಹಾಳೆ ಕೊಟ್ಟಿದ್ದೆ," ಅಂದೆ.

"ಯಾರಿಗೆ?"

ನಾನು ಕಿಟಕಿಯ ಕಡೆ ನೋಡಿದೆ. ಅಧಿಕಾರಿಯೂ ಆ ಕಡೆ ನೋಡಿದರು. ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟು, "ಹೇಳಿದ್ದನ್ನ ಬರೆದುಕೊಡಿ," ಅಂದರು. ಎಲ್ಲರ ಎದುರು ನಿಂತು ಬರೆದೆ. ನನ್ನ ದುಂಡಗಿನ ಅಕ್ಷರ ಆವತ್ತು ಸೊಟ್ಟಗಾಗಿತ್ತು. ಕೊನೆಗೆ ಆಪಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಜಾಗಕ್ಕೆ ಗೆರೆ ಎಳೆದರು.

ನಮ್ಮ ಕವರು ಒಡೆದರು. ಆ ವರ್ಷದ ಕೋಟು ನಮಗೇ ಬಂತು. ಆದರೆ ಮೆಟ್ಟಿಲಿಳಿಯುವಾಗ ಅವನು ಪಕ್ಕದಲ್ಲೇ ಹಾದು, "ಹುಷಾರಮ್ಮಾ," ಎಂದು ಮೆತ್ತಗೆ ಹೇಳಿ ಹೋದ. ಆ ಒಂದು ಮಾತು ವರ್ಷಗಟ್ಟಲೆ ನನ್ನ ನಿದ್ದೆ ತಿಂದಿತು. ಈಗಲೂ ಯಾವುದಾದರೂ ಮೋಟರ್‌ಸೈಕಲ್ ಮನೆ ಮುಂದೆ ನಿಧಾನವಾದರೆ ಎದ್ದು ಹೋಗಿ ಚಿಲಕ ಹಾಕಿದೆಯೋ ಎಂದು ನೋಡುತ್ತೇನೆ.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಆಪಾ ಬುರ್ಖಾ ತೊಟ್ಟು, ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ನಮ್ಮ ಬಾಗಿಲಲ್ಲಿದ್ದರು. "ನಾನೂ ಬಸ್‌ಸ್ಟ್ಯಾಂಡ್ ಕಡೆ ಹಾಲಿಗೆ ಹೋಗ್ತೀನಿ, ಬಾರೇ," ಎಂದು ನಿಮ್ಮ ಅಮ್ಮನನ್ನು ಕರೆದರು. ಅವಳು ಬಸ್ಸು ಹತ್ತಿ ಕೂತು, ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಲ್ಲುತ್ತಿದ್ದರಂತೆ. ಮಂಡಿ ನೋವಿದ್ದರೂ, ಉಪವಾಸದ ತಿಂಗಳಲ್ಲೂ, ಅವಳ ಓದು ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. "ಆಪಾ ದಾರಿಯುದ್ದಕ್ಕೂ ತಲೆ ತಿಂತಾರಮ್ಮ, ಬೇರೆ ಹೊತ್ತಲ್ಲಿ ಹಾಲು ಸಿಗಲ್ವಾ ಅವರಿಗೆ?" ಎಂದು ಅವಳು ಗೊಣಗುತ್ತಿದ್ದಳು.

ಎರಡು ವರ್ಷದ ಹಿಂದೆ ಆಪಾ ಹೋದರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಮಣ್ಣಿಗೆ ಒಯ್ಯುವಾಗ ಸಂಘದ ನಾವು ಆರೂ ಜನ ಬೀದಿಯ ಕೊನೆಯವರೆಗೆ ಹೋಗಿ ನಿಂತೆವು.

ನಿಮ್ಮ ಅಮ್ಮನಿಗೆ ನಾನು ಇದನ್ನು ಇವತ್ತಿನವರೆಗೂ ಹೇಳಿಲ್ಲ. ನೀವು ಓದಿ ಹೇಳಿ. ಆಪಾ ಮನೆಗೆ ಹಾಲು ದಿನಾ ಬೆಳಿಗ್ಗೆ ಆರಕ್ಕೆಲ್ಲ ಬಾಗಿಲಿಗೇ ಬರುತ್ತಿತ್ತು.